ನೀಲಿ ಲಕೋಟೆಗೆ ಬಾಗಿಲು ತೆರೆಯದವರು

ನಮ್ಮ ತಿಮೋಕ್ ನದಿಯ ಕಡೆಯ ಜನ ತೋಳಕ್ಕೆ ಹೆದರುವುದಿಲ್ಲ, ಪೊಲೀಸರಿಗೆ ಅಷ್ಟಾಗಿ ಹೆದರುವುದಿಲ್ಲ, ದೇವರಿಗೆ ವರ್ಷಕ್ಕೆ ನಾಲ್ಕು ಸಲ ಹೆದರುತ್ತಾರೆ. ನೀಲಿ ಲಕೋಟೆಗೆ ಮಾತ್ರ ವರ್ಷವಿಡೀ ಹೆದರುತ್ತಾರೆ. ಕೋರ್ಟಿನ ಕಾಗದ ಬರುವುದು ನೀಲಿ ಲಕೋಟೆಯಲ್ಲಿ. ಅದನ್ನು ಕೈಗೆ ತೆಗೆದುಕೊಂಡು ಸಹಿ ಹಾಕಿದರೆ ಮುಗಿಯಿತು, ಒಳಗಿರುವುದೆಲ್ಲ ನಿಮ್ಮ ತಲೆಗೆ ಬಂತು. ತೆಗೆದುಕೊಳ್ಳದಿದ್ದರೆ ಅಂಥದ್ದೊಂದು ಕಾಗದ ಹುಟ್ಟೇ ಇಲ್ಲ ಎಂದು ಇಲ್ಲಿಯ ನಂಬಿಕೆ. ಈ ನಂಬಿಕೆ ತಪ್ಪು ಎಂದು ಲಾಯರುಗಳು ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಲಾಯರುಗಳ ಮಾತನ್ನು ನಂಬುವವರು ಯಾರು?

ಆದ್ದರಿಂದ ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಪೋಸ್ಟ್‌ಮನ್ ವೆಸೆಲಿನ್ ತನ್ನ ಮೊಪೆಡ್ಡನ್ನು ಪೆರ್ಸಿದಾಳ ಗೇಟಿನ ಮುಂದೆ ನಿಲ್ಲಿಸಿದಾಗ, ಅವನ ಕೈಯಲ್ಲಿದ್ದುದರ ಬಣ್ಣ ನೋಡಿ ಆಕೆ ಅಡುಗೆಮನೆಯ ಕಿಟಕಿಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು. ವಿಯೆನ್ನಾದ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು, ನಾನೂರು ಜನಕ್ಕೆ ಒಂದೇ ಹೊತ್ತಿಗೆ ಊಟ ಬಡಿಸಿ, ದೊಡ್ಡ ಡಾಕ್ಟರುಗಳನ್ನೇ ಬೈದು ತಟ್ಟೆ ವಾಪಸ್ ತರಿಸಿದ ಐವತ್ತೊಂಬತ್ತರ ಹೆಂಗಸು, ಈಗ ಈರುಳ್ಳಿ ಬುಟ್ಟಿಯ ಹಿಂದೆ ಬಚ್ಚಿಟ್ಟುಕೊಂಡಿದ್ದಳು.

"ಪೆರ್ಸಿದಾ ಅಕ್ಕ," ವೆಸೆಲಿನ್ ಗೇಟಿನಿಂದ ಕೂಗಿದ. "ಮನೇಲಿದ್ದೀರಾ?"

ಆಕೆ ಬುಟ್ಟಿಯ ಹಿಂದೆ ಇನ್ನಷ್ಟು ಮುದುರಿದಳು.

"ಮೆಣಸಿನಕಾಯಿ ಸೀದೋಗ್ತಿದೆ ಅಕ್ಕ. ಬೀದಿ ತುಂಬಾ ವಾಸನೆ. ನೀವು ಮನೇಲಿಲ್ಲ ಅಂದ್ರೆ ಒಲೆ ಯಾರು ಹಚ್ಚಿದ್ದು?"

ಚಳಿಗಾಲಕ್ಕೆಂದು ಸುಡಲಿಟ್ಟಿದ್ದ ಕೆಂಪು ಮೆಣಸಿನಕಾಯಿ ನಿಜವಾಗಿಯೂ ಸೀಯುತ್ತಿತ್ತು. ಪೆರ್ಸಿದಾ ಕುಳಿತಲ್ಲಿಂದಲೇ ಕೈ ಚಾಚಿ ಅದನ್ನು ಮಗುಚಿದಳು.

"ಮನೇಲಿಲ್ಲ ಅಂತ ಬರ್ಕೋ."

"ಹಾಗಂತ ನೀವೇ ಹೇಳಿದ್ರಿ ಅಂತಾನೂ ಬರ್ಕೊಳ್ಳಾ?"

"ನಿಂಗೆ ಬೇರೆ ಕೆಲ್ಸ ಇಲ್ವೇನೋ ವೆಸೆಲಿನ್?"

"ಇದೆ ಅಕ್ಕ. ಬೆಲಿ ಪೊತೊಕ್‌ಗೆ ಹೋಗ್ಬೇಕು. ಅಲ್ಲೂ ಒಬ್ರು ಮನೇಲಿರಲ್ಲ," ಎಂದು ನಿಟ್ಟುಸಿರಿಟ್ಟು ವೆಸೆಲಿನ್ ಮೊಪೆಡ್ ಏರಿದ.

ಪೆರ್ಸಿದಾ ಹೆದರಿದ್ದು ಸುಮ್ಮನೆ ಅಲ್ಲ. ವಸಂತದಲ್ಲಿ ಆಕೆ ಮನೆಯ ಮುಂದಿನ ಜಗಲಿಗೆ ಗಾಜು ಹಾಕಿಸಿದ್ದಳು, ಪಂಚಾಯಿತಿಯ ಅನುಮತಿ ಮಾತ್ರ ಕೇಳಿರಲಿಲ್ಲ. ಇನ್ಸ್‌ಪೆಕ್ಟರುಗಳು ಹಳ್ಳಿ ಹಳ್ಳಿ ತಿರುಗುತ್ತಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದ ದಿನದಿಂದ ಆಕೆಗೆ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುವ ಸುಖವೂ ಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು.

ಹಾಗಂತ ಆಕೆ ಕೋರ್ಟಿನಿಂದ ಬೇರೆ ಯಾವ ಕಾಗದಕ್ಕೂ ಕಾಯುತ್ತಿರಲಿಲ್ಲವೇ ಎಂದರೆ, ಕಾಯುತ್ತಿದ್ದಳು. ಜೀವ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು. ಆದರೆ ಆ ಕಾಗದವೆಲ್ಲ ಪಟ್ಟಣದ ಲಾಯರಮ್ಮ ಸ್ಪೊಮೆಂಕಾಳ ಆಫೀಸಿಗೆ ಬರುತ್ತಿತ್ತು. "ನಿಮ್ಮ ಮನೆಗೆ ಒಂದು ಚೂರೂ ಬರಲ್ಲ, ನಿಶ್ಚಿಂತೆಯಿಂದಿರಿ," ಎಂದು ಆಕೆ ಮೊದಲ ದಿನವೇ ಹೇಳಿದ್ದಳು. ಅಂದ ಮೇಲೆ ಮನೆಗೆ ಬಂದ ನೀಲಿ ಲಕೋಟೆ ಜಗಲಿಯದ್ದೇ. ಲೆಕ್ಕ ಸರಿಯಾಗಿತ್ತು. ಎರಡು ವಾರ ಬಿಟ್ಟು ಇನ್ನೊಂದು ಬಂದಾಗಲೂ ಆಕೆ ಮನೆಯಲ್ಲಿರಲಿಲ್ಲ.

ಲಾಯರಮ್ಮನವರೆಗೆ ಹೋದ ಸಂಗತಿ ಇದು. ಪೆರ್ಸಿದಾ ಮತ್ತು ರಾದಿಸಾವ್ ಇಪ್ಪತ್ತೆರಡರ ಹರೆಯದಲ್ಲಿ ಇಲ್ಲೇ ಊರಿನಲ್ಲಿ ಮದುವೆಯಾಗಿ ವಿಯೆನ್ನಾಕ್ಕೆ ದುಡಿಯಲು ಹೋದವರು. ಆಕೆಗೆ ಬೆಳಗಿನ ಪಾಳಿ, ಅವನಿಗೆ ರಾತ್ರಿ ಟ್ರಾಮ್ ಡಿಪೋದ ಪಾಳಿ. ಅವನು ಬರುವ ಹೊತ್ತಿಗೆ ಆಕೆ ಹೊರಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಅವರ ಸಂಸಾರ ನಡೆದದ್ದು ಬಾಗಿಲ ಬಳಿ. ಮಕ್ಕಳಾಗಲಿಲ್ಲ. ಜಗಳವಾಡಲೂ ಪುರುಸೊತ್ತಿಲ್ಲದೆ ಚೆನ್ನಾಗಿಯೇ ಇದ್ದರು. ಕೊನೆಗೆ ರಾದಿಸಾವ್ ಬೆಲಿ ಪೊತೊಕ್‌ನಲ್ಲಿ ತನ್ನಪ್ಪನ ಜಾಗದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಗೇಟಿನ ಎರಡು ಕಡೆ ಸಿಮೆಂಟಿನ ಸಿಂಹ ಕೂರಿಸಲು ಹೊರಟ. ಪೆರ್ಸಿದಾ, "ಈ ಗೇಟಿನಲ್ಲಿ ಒಂದೋ ಸಿಂಹ ಇರ್ಬೇಕು, ಒಂದೋ ನಾನು ಇರ್ಬೇಕು," ಎಂದಳು. ಸಿಂಹಗಳು ಬಂದವು.

ವಿಯೆನ್ನಾದ ಕೋರ್ಟಿನಲ್ಲಿ ವಿಚ್ಛೇದನ ಅರ್ಧ ಗಂಟೆಯಲ್ಲಿ ಆಯಿತು. ಇಬ್ಬರೂ ಒಪ್ಪಿದ್ದರು, ಇಬ್ಬರೂ ಸಹಿ ಹಾಕಿದರು, ಹೊರಗೆ ಮೆಟ್ಟಿಲ ಮೇಲೆ ಇನ್ನು ಜನ್ಮದಲ್ಲಿ ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಎಂದು ಹೇಳಿಕೊಂಡರು. ಅದೇ ಅವರ ಕೊನೆಯ ಮಾತು. ಒಂಬತ್ತು ವರ್ಷ ಆಯಿತು.

ಪಿಂಚಣಿ ಬಂದ ಮೇಲೆ ಪೆರ್ಸಿದಾ ತವರೂರಾದ ಕ್ರುಶ್ಕೊವಾಕ್ಕೆ ಮರಳಿದಳು. ಅಲ್ಲಿ ಜೇನು ಸಾಕುವ ತ್ರಾಯಿಲೊ ಸಿಕ್ಕಿದ. ಅರವತ್ತಮೂರು ವರ್ಷ, ಮದುವೆಯೇ ಆಗಿರಲಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗಲ್ಲ, ಮದುವೆಯಾಗುವ ತನಕ ಹುಚ್ಚು ಬಿಡಲ್ಲ ಎನ್ನುವಂತೆ ಜೇನುಹುಳಗಳ ಜೊತೆ ಮಾತಾಡಿಕೊಂಡು ಕಾಲ ಕಳೆದವನು. ಪೆರ್ಸಿದಾ ಒಂದು ಸೀಸೆ ಜೇನು ಕೊಳ್ಳಲು ಹೋಗಿ ನಾಲ್ಕು ಗಂಟೆ ಕುಳಿತಳು, ಮರುದಿನವೂ ಹೋದಳು. ಈ ವಯಸ್ಸಿನಲ್ಲಿ ಹೀಗಾಗುತ್ತದೆ ಎಂದು ಆಕೆ ಎಣಿಸಿರಲಿಲ್ಲ. ಆಕೆಗೆ ಅವನೆಂದರೆ ಬಹಳ ಇಷ್ಟ, ಅಷ್ಟೇ; ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ?

ಇಬ್ಬರೂ ಮೇ ತಿಂಗಳಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮದುವೆ ದಿನ ಗೊತ್ತುಮಾಡಲು ನೋಂದಣಿ ಕಚೇರಿಗೆ ಹೋದರು. ಗುಮಾಸ್ತೆ ದಪ್ಪ ಪುಸ್ತಕ ತೆಗೆದು ಬೆರಳಾಡಿಸಿದಳು.

"ಅಕ್ಕ, ನೀವು ಮದುವೆಯಾದವರು."

"ಒಂಬತ್ತು ವರ್ಷದ ಹಿಂದೇನೇ ಬಿಟ್ಟಾಯ್ತಲ್ಲಮ್ಮ."

"ಎಲ್ಲಿ ಬಿಟ್ರಿ?"

"ವಿಯೆನ್ನಾದಲ್ಲಿ."

"ಹಾಗಾದ್ರೆ ವಿಯೆನ್ನಾದಲ್ಲಿ ನಿಮಗೆ ಗಂಡ ಇಲ್ಲ. ಇಲ್ಲಿ ಇದ್ದಾನೆ. ನೋಡಿ, ಪುಸ್ತಕದಲ್ಲಿ ಕೂತಿದ್ದಾನೆ."

ತ್ರಾಯಿಲೊ ಬಗ್ಗಿ ಪುಸ್ತಕ ನೋಡಿದ. "ಅಂದ್ರೆ ಇವಳು ವಿಯೆನ್ನಾದಿಂದ ಬಸ್ಸಲ್ಲಿ ಬರೋವಾಗ ಅವನು ಯಾವ ಸ್ಟಾಪಲ್ಲಿ ಹತ್ಕೋತಾನೆ?" ಎಂದು ಕೇಳಿದ. ಗುಮಾಸ್ತೆಗೆ ನಗು ಬಂದರೂ ಪುಸ್ತಕ ಮುಚ್ಚಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಸ್ಪೊಮೆಂಕಾ ಲಾಯರಮ್ಮ ವಿಷಯ ಬಿಡಿಸಿ ಹೇಳಿದಳು. ಹೊರದೇಶದ ತೀರ್ಪು ಇಲ್ಲಿ ನಡೆಯಬೇಕಾದರೆ ಇಲ್ಲಿಯ ಕೋರ್ಟ್ ಅದನ್ನು ಒಪ್ಪಬೇಕು. ಅದಕ್ಕೆ ತೀರ್ಪಿನ ಅಸಲು ಪ್ರತಿ ಬೇಕು, ಆ ತೀರ್ಪೇ ಕೊನೆಯದು ಎಂದು ವಿಯೆನ್ನಾದವರು ಒತ್ತಿದ ಮೊಹರು ಬೇಕು, ಅನುವಾದಕರ ಗುಂಡು ಮುದ್ರೆ ಬೇಕು. ಇವನ್ನೆಲ್ಲ ಒಟ್ಟುಮಾಡುವುದರಲ್ಲಿ ಬೇಸಿಗೆ ಕಳೆಯಿತು. "ಇನ್ನೊಂದೇ ಬಾಕಿ," ಎಂದಳು ಲಾಯರಮ್ಮ. "ನಿಮ್ಮ ಹಳೇ ಯಜಮಾನರಿಗೆ ಕೋರ್ಟ್ ಒಂದು ಕಾಗದ ಕಳ್ಸುತ್ತೆ, ನಿಮ್ಮದೇನಾದ್ರೂ ತಕರಾರಿದೆಯಾ ಅಂತ. ಇಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ಆಯ್ತು."

"ಒಂದೇ ಸಾಲಾ?"

"ಒಂದೇ ಸಾಲು."

ಆ ಒಂದು ಸಾಲು ಬರಲಿಲ್ಲ. ರಾದಿಸಾವ್ ಲಕೋಟೆಯನ್ನು ಒಮ್ಮೆ ವಾಪಸ್ ಕಳಿಸಿದ, ಎರಡನೆಯ ಸಲವೂ ಕಳಿಸಿದ. ಲಾಯರಮ್ಮ ಫೋನು ಮಾಡಿದರೆ ಎತ್ತಲಿಲ್ಲ. ಪೆರ್ಸಿದಾಳಿಗೆ ಮೈಯೆಲ್ಲ ಉರಿಯಿತು. ಸಿಂಹಗಳ ಸೇಡು ಇದು, ತಾನು ಸುಖವಾಗಿರುವುದು ಅವನಿಂದ ನೋಡಲಾಗುತ್ತಿಲ್ಲ ಎಂದು ತ್ರಾಯಿಲೊನ ಮುಂದೆ ದಿನಾ ಹೇಳತೊಡಗಿದಳು.

ಸುಮ್ಮನೆ ಕಾಯೋಣ ಎಂದರೆ ಕಾಯುವ ಹಾಗಿರಲಿಲ್ಲ. ಅಡ್ಡ ಕುಳಿತವಳು ತ್ರಾಯಿಲೊನ ತಾಯಿ, ಎಂಬತ್ತೆಂಟರ ಸ್ತಾಮೆನಾ ಅಜ್ಜಿ. ಅವರ ಮನೆತನ ಕಾಯುವ ಸಂತ ದಿಮಿತ್ರಿ. ಪ್ರತಿ ವರ್ಷ ನವೆಂಬರ್ ಎಂಟಕ್ಕೆ ಆ ಸಂತನ ಹೆಸರಿನಲ್ಲಿ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ, ಮನೆಯ ಹೆಂಗಸು ತನ್ನ ಕೈಯಾರೆ ನಾದಿ ಸುಟ್ಟ ದೊಡ್ಡ ರೊಟ್ಟಿಯನ್ನು ಪಾದ್ರಿಯ ಮುಂದೆ ಮುರಿಯಬೇಕು. ಅರವತ್ತೇಳು ವರ್ಷ ಆ ರೊಟ್ಟಿಯನ್ನು ಸ್ತಾಮೆನಾ ನಾದಿದ್ದಳು. ಹೋದ ವರ್ಷ ಕೈ ನಡುಗಿ ಹಿಟ್ಟು ಸರಿಯಾಗಿ ಏಳದೆ ರೊಟ್ಟಿ ನಡುವೆ ಬಿರುಕು ಬಿಟ್ಟಿತ್ತು. ಅಜ್ಜಿ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ.

"ಈ ವರ್ಷ ನನ್ ಕೈಲಾಗಲ್ಲ," ಎಂದಳು ಮಗನಿಗೆ. "ನಾದೋಕೆ ಸೊಸೆ ತಾ. ಇಲ್ಲಾಂದ್ರೆ ಅಂಗಡಿ ರೊಟ್ಟಿ ತಂದು ಸಂತನ ಮುಂದಿಡು, ನಾನು ಅಟ್ಟ ಹತ್ತಿ ಕೂತ್ಕೋತೀನಿ."

"ಪೆರ್ಸಿದಾ ಇದ್ದಾಳಲ್ಲಮ್ಮ. ಮೂವತ್ತು ವರ್ಷ ಅಡುಗೆ ಮಾಡಿದ ಕೈ ಅದು."

"ಆ ವಿಯೆನ್ನಾದವಳು ಒಳ್ಳೆಯವಳೇ. ಆದ್ರೆ ಪುಸ್ತಕದಲ್ಲಿ ಇನ್ನೊಬ್ಬನ ಹೆಂಡ್ತಿ. ಇನ್ನೊಬ್ಬನ ಹೆಂಡ್ತಿ ನಾದಿದ ರೊಟ್ಟೀನ ನಮ್ಮ ಸಂತ ಮೂಸಿನೂ ನೋಡಲ್ಲ."

ಪೆರ್ಸಿದಾ ಪಕ್ಕದಲ್ಲೇ ಕುಳಿತಿದ್ದಳು. ಕೋಪ ಬರಲಿಲ್ಲ, ದುಃಖ ಬಂತು. ವಿಯೆನ್ನಾದಲ್ಲಿ ರಾದಿಸಾವ್‌ನ ಸಂತನ ದಿನ ಬಂದರೆ ಬೇಕರಿಯಿಂದ ರೊಟ್ಟಿ ತಂದು, ಇಬ್ಬರಲ್ಲಿ ಯಾರು ಮೊದಲು ಮನೆಗೆ ಬಂದರೋ ಅವರು ಬತ್ತಿ ಹಚ್ಚಿ, ಇನ್ನೊಬ್ಬರ ಪಾಲನ್ನು ತಟ್ಟೆ ಮುಚ್ಚಿ ಇಟ್ಟು ಹೋಗುತ್ತಿದ್ದರು. ಸಾವಿರಾರು ಜನಕ್ಕೆ ಅಡುಗೆ ಮಾಡಿದವಳು ತನ್ನ ಮನೆ ಎಂಬ ಮನೆಯಲ್ಲಿ ಆ ಒಂದು ರೊಟ್ಟಿಯನ್ನು ಒಮ್ಮೆಯೂ ನಾದಿರಲಿಲ್ಲ. ಈ ವರ್ಷ ತಪ್ಪಿದರೆ ಬರುವ ವರ್ಷ ಕಲಿಸಿಕೊಡಲು ಅಜ್ಜಿ ಇರುತ್ತಾಳೋ ಇಲ್ಲವೋ. ಪೆರ್ಸಿದಾಳಿಗೆ ಬೇಕಾಗಿದ್ದದ್ದು ಇಷ್ಟೇ: ನವೆಂಬರ್ ಎಂಟರೊಳಗೆ ಆ ಹಿಟ್ಟಿನ ಮರಿಗೆಯ ಮುಂದೆ ಹಕ್ಕಿನಿಂದ ನಿಲ್ಲಬೇಕು.

ಅಕ್ಟೋಬರ್ ಕೊನೆಯ ವಾರ ಮೂರನೆಯ ಲಕೋಟೆ ಹೊರಟಿತು. "ಇದನ್ನೂ ತಗೊಳ್ಳಲಿಲ್ಲ ಅಂದ್ರೆ ಕೋರ್ಟಿನ ಬೋರ್ಡಿಗೆ ಹಚ್ತಾರೆ," ಎಂದಳು ಲಾಯರಮ್ಮ. "ಆಮೇಲೆ ಕಾಯ್ಬೇಕು, ಅವರ ಪರವಾಗಿ ಒಬ್ಬರನ್ನ ನೇಮಿಸ್ಬೇಕು. ಹೊಸ ವರ್ಷ ದಾಟುತ್ತೆ."

"ಅವನ ಕೈಗೆ ಕೊಡೋಕೆ ಬೇರೆ ದಾರಿ ಇಲ್ವಾ?"

"ಗೇಟು ತೆಗೀಬೇಕಲ್ಲ. ಯಾವಾಗ ತೆಗೀತಾರೆ?"

ಯಾವಾಗ ತೆಗೆಯುತ್ತಾನೆ ಎಂದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿತ್ತು. ರಾದಿಸಾವ್‌ನ ಸಂತ ಲೂಕ. ಲೂಕನ ದಿನ ಅಕ್ಟೋಬರ್ ಮೂವತ್ತೊಂದು, ಬರುವ ಶನಿವಾರ. ಸಂತನ ದಿನ ನಮ್ಮಲ್ಲಿ ಯಾರನ್ನೂ ಕರೆಯುವುದಿಲ್ಲ. ಗೇಟು ತೆರೆದಿಡುತ್ತಾರೆ, ಬರುವವರು ಬರುತ್ತಾರೆ. ಬಂದವರನ್ನು, ಅಪ್ಪನನ್ನು ಕೊಂದವನೇ ಆಗಲಿ, ಬಾ ಎನ್ನಬೇಕು. ಆ ದಿನ ಯಜಮಾನ ಕುಳಿತುಕೊಳ್ಳುವ ಹಾಗೂ ಇಲ್ಲ, ಎಲ್ಲರಿಗೂ ತಾನೇ ಬಡಿಸಬೇಕು. ಅಂದ ಮೇಲೆ ಓಡಿಹೋಗುವುದೆಲ್ಲಿಗೆ?

ವೆಸೆಲಿನ್ ಮೊದಲು ಒಪ್ಪಲಿಲ್ಲ. "ಹಬ್ಬದ ಮನೇಲಿ ಕೋರ್ಟ್ ಕಾಗದ ಕೊಟ್ಟೆ ಅಂತ ಗೊತ್ತಾದ್ರೆ ನನ್ ಹೆಂಡ್ತಿ ನನ್ನ ಹೊಸ್ತಿಲು ದಾಟಿಸಲ್ಲ ಅಕ್ಕ. ಅದೂ ಶನಿವಾರ, ರಜೆ ದಿನ."

"ನನ್ ಗತಿ ನೋಡೋ. ಒಂದೇ ಸಾಲು ಬೇಕಿರೋದು."

ಅವನು ತಲೆ ಕೆರೆದುಕೊಂಡ. ಬೆಲಿ ಪೊತೊಕ್‌ನ ಏರುದಾರಿಯಲ್ಲಿ ಮೊಪೆಡ್ ತಳ್ಳಿ ತಳ್ಳಿ ಅವನಿಗೂ ಸಾಕಾಗಿತ್ತು. "ಹೇಗೂ ಊಟಕ್ಕೆ ಹೋಗೋನು ನಾನು. ಲಕೋಟೆ ಜೇಬಲ್ಲಿರುತ್ತೆ. ತೆಗಿ ಅಂದ್ರೆ ತೆಗೀತೀನಿ. ಪಾಪ ಮಾತ್ರ ನಿಮ್ದು."

"ನಂದೇ," ಎಂದಳು ಪೆರ್ಸಿದಾ. ತ್ರಾಯಿಲೊ ತಾನೂ ಬರುತ್ತೇನೆ ಎಂದ. "ನೀನು ಬೇಡ. ಇಬ್ಬರು ಗಂಡಂದಿರು ಒಂದೇ ಮೇಜಿಗೆ ಕೂತ್ರೆ ನೋಂದಣಿಯಮ್ಮ ಪುಸ್ತಕ ಸುಟ್ಟು ಸನ್ಯಾಸ ತಗೋತಾಳೆ," ಎಂದು ಅವನ ಬಾಯಿ ಮುಚ್ಚಿಸಿ, ಅವನ ಜೇನಿನ ದೊಡ್ಡ ಸೀಸೆಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡಳು. ಬರಿಗೈಯಲ್ಲಿ ಹಬ್ಬದ ಮನೆಗೆ ಹೋಗುವುದುಂಟೇ?

ಶನಿವಾರ ಮಧ್ಯಾಹ್ನ ಸಿಂಹಗಳ ನಡುವಿನ ಗೇಟು ಅಗಲವಾಗಿ ತೆರೆದಿತ್ತು. ಎಡಗಡೆಯ ಸಿಂಹಕ್ಕೆ ಒಂದು ಕಿವಿ ಹೋಗಿತ್ತು. ಪೆರ್ಸಿದಾಳಿಗೆ ಒಳಗೊಳಗೇ ಖುಷಿಯಾಯಿತು, ಮರುಗಳಿಗೆಯಲ್ಲಿ ಅಯ್ಯೋ ಅನ್ನಿಸಿತು. ಒಳಗೆ ಇಪ್ಪತ್ತು ಜನರ ಮಾತಿನ ಗದ್ದಲ, ಎಲೆಕೋಸಿನ ಸುರುಳಿಗಳು ಬೇಯುವ ವಾಸನೆ. ಹೊಸ್ತಿಲಲ್ಲಿ ರಾದಿಸಾವ್ ಬಿಳಿ ಅಂಗಿ ತೊಟ್ಟು ನಿಂತಿದ್ದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಆಕೆಯನ್ನು ನೋಡಿದವನು ಹಾಗೇ ನಿಂತ. ಒಳಗಿನ ಮಾತು ಒಂದೊಂದಾಗಿ ನಿಂತಿತು.

ಮೊದಲು ಬಾಯಿ ಬಿಡಬೇಕಾದವರು ಅತಿಥಿ. "ಸಂತನ ಹಬ್ಬ ಸುಖವಾಗಿರಲಿ ಯಜಮಾನ," ಎಂದಳು ಪೆರ್ಸಿದಾ.

ರಾದಿಸಾವ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಂಬತ್ತು ವರ್ಷದ ಶಪಥ ಒಂದು ಕಡೆ, ಮನೆಯ ಸಂತ ಒಂದು ಕಡೆ. "ದೇವರು ಕರ್ಕೊಂಡು ಬಂದಿದ್ದಾನೆ, ಒಳಗೆ ಬಾ," ಎಂದ. ಹೇಳಲೇಬೇಕಾದ ಮಾತು ಅದು, ಆದರೂ ಅವನ ದನಿ ಒಡೆಯಿತು.

ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿಯ ತಟ್ಟೆಯನ್ನು ಅವನೇ ಹಿಡಿದ. ಬಂದವರೆಲ್ಲ ಮೊದಲು ಅದರಿಂದ ಒಂದು ಚಮಚ ತಿನ್ನಬೇಕು; ಮನೆಯ ಸತ್ತವರ ಹೆಸರಿನಲ್ಲಿ, ಇರುವವರ ಹೆಸರಿನಲ್ಲಿ. ಪೆರ್ಸಿದಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಬಾಯಿಗಿಟ್ಟಳು. ಮೇಜಿನ ಮೇಲೆ ಬತ್ತಿ ಉರಿಯುತ್ತಿತ್ತು. ಪಕ್ಕದಲ್ಲಿ ವೆಸೆಲಿನ್ ಕೋಟಿನ ಒಳಜೇಬಿಗೆ ಕೈ ಹಾಕಿ, ತೆಗೆಯಲೇ ಎಂಬಂತೆ ಹುಬ್ಬು ಹಾರಿಸಿದ.

ಆಗಲಿಲ್ಲ. ಬಾಯಲ್ಲಿ ಆ ಮನೆಯ ಗೋಧಿ ಇಟ್ಟುಕೊಂಡು ಆ ಕೆಲಸ ಆಕೆಯಿಂದ ಆಗಲಿಲ್ಲ. ನಾದಬೇಕೆಂದು ತಾನು ಹಂಬಲಿಸುತ್ತಿರುವ ರೊಟ್ಟಿಯೂ ಇಂಥದ್ದೇ ಒಂದು ಮೇಜಿನದ್ದು. ಈ ಮೇಜಿಗೆ ದ್ರೋಹ ಮಾಡಿ ಆ ಮೇಜಿಗೆ ಹೋಗಿ ನಿಂತರೆ, ಸಂತ ದಿಮಿತ್ರಿ ಮೂಸುವುದು ಹಾಗಿರಲಿ, ತಾನೇ ಆ ರೊಟ್ಟಿಯನ್ನು ನುಂಗಲಾರಳು. ಆಕೆ ವೆಸೆಲಿನ್‌ಗೆ ಬೇಡ ಎಂದು ತಲೆಯಾಡಿಸಿದಳು. ಸಂತನ ಎಂಟನೆಯ ತಾರೀಖು ಕೈಬಿಟ್ಟಿತು ಎಂದು ಗೊತ್ತಿದ್ದೇ ಆಡಿಸಿದಳು.

"ರಾದಿಸಾವ್," ಎಂದಳು ನೇರವಾಗಿ. "ನಿಂಗೆ ಮೋಸ ಮಾಡೋಕೆ ಅಂತ ಬಂದಿದ್ದೆ. ವೆಸೆಲಿನ್ ಜೇಬಲ್ಲಿ ನೀಲಿ ಲಕೋಟೆ ಇದೆ. ಇವತ್ತು ಕೊಡಲ್ಲ, ಹೆದರ್ಬೇಡ. ಆದ್ರೆ ಸೋಮವಾರ ಬಂದ್ರೆ ದಯವಿಟ್ಟು ತಗೋ. ಅದರಲ್ಲಿ ನಿನ್ನ ಮೇಲೆ ಏನೂ ಇಲ್ಲ. ವಿಯೆನ್ನಾದಲ್ಲಿ ನಾವು ಬಿಟ್ಟಿದ್ದನ್ನ ಇಲ್ಲೀನೂ ಬಿಟ್ಟ ಹಾಗೆ ಮಾಡಿ ಅಂತ ನಾನು ಹಾಕಿರೋ ಅರ್ಜಿ. ಅಷ್ಟೇ."

ರಾದಿಸಾವ್ ತಟ್ಟೆ ಹಿಡಿದುಕೊಂಡೇ ಅವಳನ್ನು ನೋಡಿದ. "ನೀನು... ಅರ್ಜಿ ಹಾಕಿದ್ದೀಯಾ?"

"ಮತ್ತೆ? ಮೂರು ಸಲ ಕಳ್ಸಿದ್ದೀನಿ."

"ಅದು ಪಕ್ಕದ ಮನೆ ಮಿಲುಟಿನ್ ಹಾಕಿರೋ ಕೇಸು ಅಲ್ವಾ? ಅಕ್ರೋಟು ಮರದ್ದು?"

"ಯಾವ ಮರನೋ?"

ಅಷ್ಟರಲ್ಲಿ ಅಡುಗೆಮನೆಯಿಂದ ತುಂಬುಗೆನ್ನೆಯ ಹೆಂಗಸೊಬ್ಬಳು ಸೌಟು ಹಿಡಿದು ಹೊರಬಂದಳು. ಆಕೆಯ ಹೆಸರು ಫ್ಲೊರಿಕಾ ಎಂದು ಪೆರ್ಸಿದಾಳಿಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಸೌಟು ಮಾತ್ರ.

"ಓಹೋ, ಪೆರ್ಸಿದಾ ಅಂದ್ರೆ ನೀನೇನಾ?" ಎಂದಳು. "ಮೂರು ಸಲ ಕಳ್ಸಿದ್ದಾಳಂತೆ. ನಾವೂ ಮೂರು ಸಲ ಕಳ್ಸಿದ್ವಲ್ಲ ನಿನ್ನ ಮನೆಗೆ, ಒಂದ್ಸಲನಾದ್ರೂ ತಗೊಂಡ್ಯಾ? ಜುಲೈಯಿಂದ ನಾನು ಮದುವೆ ಗೌನು ಹೊಲಿಸಿ ಬೀರುಲಿ ಇಟ್ಟಿದ್ದೀನಿ. ಈಗ ಅದು ನನ್ನ ಮೈಗೆ ಹಿಡಿಯೋದೂ ಇಲ್ಲ."

"ನೀವು ಏನು ಕಳ್ಸಿದ್ರಿ?"

"ಅದೇ. ವಿಯೆನ್ನಾದಲ್ಲಿ ಬಿಟ್ಟಿದ್ದನ್ನ ಇಲ್ಲೀನೂ ಬಿಟ್ಟ ಹಾಗೆ ಮಾಡಿ ಅಂತ ಇವರು ಹಾಕಿರೋ ಅರ್ಜಿ."

ಎಲ್ಲರ ಕಣ್ಣೂ ಪೋಸ್ಟ್‌ಮನ್ ಕಡೆ ತಿರುಗಿತು. ವೆಸೆಲಿನ್ ಕೋಟಿನ ಎಡ ಜೇಬಿನಿಂದ ಒಂದು ನೀಲಿ ಲಕೋಟೆ ತೆಗೆದ. ಬಲ ಜೇಬಿನಿಂದ ಇನ್ನೊಂದು ತೆಗೆದ.

"ನನ್ನ ಯಾಕೆ ನೋಡ್ತೀರಾ?" ಎಂದ. "ಇವರಿಗೊಂದು, ಅವರಿಗೊಂದು, ಎರಡೂ ಒಂದೇ ಕೋರ್ಟಿಂದ. ಒಳಗೇನಿದೆ ಅಂತ ನೋಡೋಕೆ ನನಗೆ ಹಕ್ಕಿಲ್ಲ, ಒಬ್ಬರದು ಇನ್ನೊಬ್ಬರಿಗೆ ಹೇಳೋಕೂ ಹಕ್ಕಿಲ್ಲ. ಆ ಏರಲ್ಲಿ ಮೊಪೆಡ್ ತಳ್ಳೋ ಹಕ್ಕು ಮಾತ್ರ ನಂದು."

ಪೆರ್ಸಿದಾ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದಳು. "ನಾನು ಅದನ್ನ ಜಗಲಿ ಗಾಜಿಂದು ಅಂದ್ಕೊಂಡೆ," ಎಂದಳು.

"ಮನೆಗೆ ಏನೂ ಬರಲ್ಲ ಅಂತ ಲಾಯರು ಹೇಳಿದ್ರು," ಎಂದ ರಾದಿಸಾವ್.

"ನಂಗೂ ಹಾಗೇ ಹೇಳಿದ್ಲು."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಅದನ್ನು ಇವರಿಬ್ಬರೂ ಸೇರಿ ತಿಂಗಳುಗಟ್ಟಲೆ ಮಾಡಿದ್ದರು. ಮೊದಲು ನಕ್ಕವಳು ಪೆರ್ಸಿದಾ. ಆಮೇಲೆ ರಾದಿಸಾವ್ ನಕ್ಕ, ತಟ್ಟೆಯ ಗೋಧಿ ನೆಲಕ್ಕೆ ಚೆಲ್ಲುವಷ್ಟು ನಕ್ಕ. ಇಪ್ಪತ್ತೆಂಟು ವರ್ಷ ಬಾಗಿಲಲ್ಲಿ ಭೇಟಿಯಾದವರು ಒಟ್ಟಿಗೆ ಇಷ್ಟು ಹೊತ್ತು ನಕ್ಕಿದ್ದು ಇದೇ ಮೊದಲಿರಬೇಕು. ನಗುತ್ತ ನಗುತ್ತ ಆಕೆಗೆ ಅವನ ಮೇಲಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ, ಒಳ್ಳೆಯ ಮನುಷ್ಯ, ಸಿಂಹದ ಹುಚ್ಚೊಂದು ಬಿಟ್ಟರೆ, ಅನ್ನಿಸಿತು.

"ಸೋಮವಾರ ಯಾಕೆ, ಈಗ್ಲೇ ಕೊಡು," ಎಂದು ರಾದಿಸಾವ್ ಕೈ ಚಾಚಿದ.

"ಇವತ್ತು ರಜೆ," ಎಂದ ವೆಸೆಲಿನ್, ಎರಡನ್ನೂ ಜೇಬಿಗೆ ಸೇರಿಸುತ್ತ. "ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇಬ್ರೂ ನಿಮ್ಮ ನಿಮ್ಮ ಗೇಟಲ್ಲಿ ನಿಂತಿರ್ಬೇಕು. ಈಗ ನಂಗೆ ಹಸಿವು."

ಫ್ಲೊರಿಕಾ ಪೆರ್ಸಿದಾಳ ತಟ್ಟೆಗೆ ಎಲೆಕೋಸಿನ ಸುರುಳಿಗಳನ್ನು ಸೌಟಿನಿಂದ ಬಡಿಸಿದಳು, ಒಂದಾದ ಮೇಲೊಂದು ಐದು. "ತಿನ್ನಕ್ಕ," ಎಂದಳು. "ಈ ಮೂರು ತಿಂಗಳು ನಿನ್ನ ಬೈದಿದ್ದೀನಲ್ಲ, ಅದಕ್ಕೆ."

ಮಂಗಳವಾರ ಪಟ್ಟಣದ ಕೋರ್ಟಿನಲ್ಲಿ ಎರಡನೆಯ ಕೋಣೆಯ ಕಡತವನ್ನೂ ಐದನೆಯ ಕೋಣೆಯ ಕಡತವನ್ನೂ ಒಂದೇ ಮೇಜಿನ ಮೇಲೆ ತಂದಿಟ್ಟರು. ಆ ಎರಡು ಕೋಣೆಗಳ ನಡುವೆ ಇಪ್ಪತ್ತು ಹೆಜ್ಜೆ, ಆದರೆ ಎರಡನೆಯ ಕೋಣೆಯವರಿಗೂ ಐದನೆಯ ಕೋಣೆಯವರಿಗೂ ಮಾತಿಲ್ಲ. ಎದುರುಬದುರು ಆಫೀಸು ಇಟ್ಟುಕೊಂಡು ದಿನಾ ಒಟ್ಟಿಗೆ ಕಾಫಿ ಕುಡಿಯುವ ಇಬ್ಬರು ಲಾಯರುಗಳು ತಲೆ ತಗ್ಗಿಸಿ ನಿಂತಿದ್ದರು. ಕಕ್ಷಿದಾರರ ಗುಟ್ಟು ಕಾಯುವುದರಲ್ಲಿ ಇಬ್ಬರೂ ಅಷ್ಟು ಗಟ್ಟಿ. ಜಡ್ಜಮ್ಮ ಕನ್ನಡಕದ ಮೇಲಿನಿಂದ ನೋಡಿದಳು.

"ತಕರಾರಿದೆಯಾ?"

"ಇಲ್ಲ," ಎಂದರು ಇಬ್ಬರೂ.

"ಮೇಲ್ಮನವಿ?"

"ಇಲ್ಲ," ಎಂದರು ಒಟ್ಟಿಗೇ.

"ಇಬ್ರೂ ಒಂದೇ ಅರ್ಜಿ ಹಾಕಿದ್ದೀರಾ. ಇಬ್ರೂ ಒಂದೇ ಥರ ಬಚ್ಚಿಟ್ಕೊಂಡಿದ್ದೀರಾ. ಉತ್ರಾನೂ ಒಂದೇ ಉಸಿರಲ್ಲಿ ಹೇಳ್ತಿದ್ದೀರಾ," ಎಂದಳು ಜಡ್ಜಮ್ಮ, ಸಹಿ ಹಾಕುತ್ತ. "ಇಷ್ಟು ಹೊಂದಾಣಿಕೆ ಇರೋ ಗಂಡ ಹೆಂಡ್ತೀನ ಈ ಕೋರ್ಟಲ್ಲಿ ನಾನು ನೋಡೇ ಇಲ್ಲ. ಯಾಕಮ್ಮ ಬಿಟ್ರಿ?"

"ಸಿಂಹ," ಎಂದಳು ಪೆರ್ಸಿದಾ.

"ಸಿಂಹ," ಎಂದ ರಾದಿಸಾವ್.

ಗುರುವಾರ ನೋಂದಣಿಯ ದಪ್ಪ ಪುಸ್ತಕದ ಅಂಚಿನಲ್ಲಿ ಗುಮಾಸ್ತೆ ಎರಡು ಸಾಲು ಬರೆದಳು. ಪೆರ್ಸಿದಾ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದಳು. ಶನಿವಾರ ಬೆಳಿಗ್ಗೆ ಅದೇ ಪುಸ್ತಕದ ಬೇರೊಂದು ಹಾಳೆಯಲ್ಲಿ ಆಕೆಯ ಹೆಸರೂ ತ್ರಾಯಿಲೊನ ಹೆಸರೂ ಸೇರಿದವು. ಮದುವೆಯ ಊಟವನ್ನು ಮರುದಿನದ ಹಬ್ಬದ ಊಟಕ್ಕೇ ಸೇರಿಸಿದರು. "ಒಂದೇ ಹಂದಿಗೆ ಎರಡು ಪುಣ್ಯ," ಎಂದ ತ್ರಾಯಿಲೊ. ರಾದಿಸಾವ್ ಮತ್ತು ಫ್ಲೊರಿಕಾ ನಾಳೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಕರೆಯಬೇಕಾಗಿರಲಿಲ್ಲ.

ಮಧ್ಯಾಹ್ನ ಪೆರ್ಸಿದಾ ಮದುವೆಯ ಬಟ್ಟೆ ಬಿಚ್ಚಿ, ತೋಳು ಮಡಚಿ, ಅಡುಗೆಮನೆಗೆ ಹೋದಳು. ಸ್ತಾಮೆನಾ ಅಜ್ಜಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಮುಂದೆ ಮರದ ಹಳೆಯ ಮರಿಗೆ, ಜರಡಿ ಹಿಡಿದ ಹಿಟ್ಟು, ಪಾದ್ರಿ ಮಂತ್ರಿಸಿ ಕೊಟ್ಟ ನೀರಿನ ಸೀಸೆ, ರೊಟ್ಟಿಯ ಮೇಲೆ ಒತ್ತುವ ಮರದ ಅಚ್ಚು. ಪೆರ್ಸಿದಾ ನೋಂದಣಿಯ ಪತ್ರವನ್ನು ಮುಂದೆ ಹಿಡಿದಳು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆಕೆ ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು, ಕಾಗದವನ್ನು ಮಡಚಿ ತನ್ನ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಳು, ಮರಿಗೆಯನ್ನು ಕಾಲಿನಿಂದ ಪೆರ್ಸಿದಾಳ ಕಡೆ ತಳ್ಳಿದಳು.

ಪೆರ್ಸಿದಾ ಹಿಟ್ಟಿಗೆ ಕೈ ಹಾಕಿದಳು. ನೀರು ಹಾಕಿ ಕಲಸತೊಡಗಿದಳು. ನಾನೂರು ಜನಕ್ಕೆ ಹಿಟ್ಟು ಕಲಸಿದ ಕೈಗೆ ಈ ಒಂದು ರೊಟ್ಟಿಯ ಹದ ಸಿಗಲಿಲ್ಲ. ಅಜ್ಜಿ ಬಾಗಿ, ತನ್ನ ನಡುಗುವ ಕೈಗಳನ್ನು ಆಕೆಯ ಕೈಗಳ ಮೇಲೆ ಇಟ್ಟು ಒತ್ತಿದಳು.

"ಮುಷ್ಟಿಯಿಂದ ಒತ್ತು, ಬೆರಳಿಂದಲ್ಲ," ಎಂದಳು. "ಉಪ್ಪೆಲ್ಲಿ ಸೊಸೆ? ನಿಮ್ಮ ವಿಯೆನ್ನಾದಲ್ಲಿ ಉಪ್ಪು ಹಾಕಲ್ವಾ?"

ಐವತ್ತೊಂಬತ್ತರ ವಯಸ್ಸಿನಲ್ಲಿ, ಆ ಬಾಯಿಂದ ಮೊದಲ ಸಲ ಸೊಸೆ ಎಂಬ ಮಾತು ಕೇಳಿ ಪೆರ್ಸಿದಾಳ ಕಣ್ಣು ತುಂಬಿತು. ಎರಡೂ ಕೈ ಹಿಟ್ಟಿನಲ್ಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

"ಅಳ್ಬೇಕಾದ್ರೆ ಆ ಕಡೆ ತಿರುಗಿ ಅಳು," ಎಂದಳು ಸ್ತಾಮೆನಾ ಅಜ್ಜಿ. "ಹಿಟ್ಟು ನೀರಾಗುತ್ತೆ."